ಯುದ್ಧಕಾಲದ ವ್ಯಾಪಾರಿ ಹಡಗು: ಮದ್ದೂರಿನ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನವಳು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಯಜಮಾನರ ದೊಡ್ಡಪ್ಪ ಎರಡನೇ ಮಹಾಯುದ್ಧಕ್ಕೆ ಮುಂಚೆ ಮನೆ ಬಿಟ್ಟು ಬೊಂಬಾಯಿಗೆ ಹೋಗಿ, ಸ್ವಲ್ಪ ಕಾಲ ಹೋಟೆಲಿನಲ್ಲಿದ್ದು, ಆಮೇಲೆ ಯಾವುದೋ ಬ್ರಿಟಿಷ್ ಕಂಪನಿಯ ಹಡಗಿನ ಅಡುಗೆಮನೆಗೆ ಸೇರಿದರಂತೆ. 1942ರ ಕೊನೆಗೋ 1943ರ ಆರಂಭಕ್ಕೋ ಹಡಗು ಮುಳುಗಿತೆಂದು ಒಂದು ಕಾಗದ ಬಂತು. ಆ ಕಾಗದ ಈಗ ಇಲ್ಲ. ತಾರೀಖು ತಿಳಿಯದ ಕಾರಣ ಅವರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುತ್ತ ಬಂದಿದ್ದೇವೆ. ಜಪಾನಿನವರ ಜಲಾಂತರ್ಗಾಮಿ ಮೇಲೆದ್ದು ಬಂದು, ಈಜುತ್ತಿದ್ದವರನ್ನೆಲ್ಲ ಗುಂಡಿಟ್ಟು ಸುಟ್ಟಿತೆಂದು ಮನೆಯಲ್ಲಿ ಹೇಳುತ್ತಾರೆ. ಈಗ ನನ್ನ ಮಗ ಮರೀನ್ ಎಂಜಿನಿಯರಿಂಗ್ ಮುಗಿಸಿದ್ದಾನೆ. ಮುಂದಿನ ತಿಂಗಳು ತೈಲ ಟ್ಯಾಂಕರೊಂದಕ್ಕೆ ಟ್ರೇನಿಯಾಗಿ ಸೇರಬೇಕು. "ಸಮುದ್ರಕ್ಕೆ ಕೊಡಬೇಕಾದ್ದು ನಮ್ಮ ಮನೆಯಿಂದ ಕೊಟ್ಟಾಗಿದೆ" ಎಂದು ಅತ್ತೆಯವರು ಊಟ ಬಿಟ್ಟು ಕುಳಿತಿದ್ದಾರೆ. ಆಯುಧವಿಲ್ಲದ ಹಡಗಿಗೆ ಎಚ್ಚರಿಕೆ ಕೊಡದೆ ಹೊಡೆಯಬಾರದೆಂಬ ಕಾನೂನು ಇಲ್ಲವೇ? ಜಲಾಂತರ್ಗಾಮಿ ಹತ್ತಿರ ಬಂದರೆ ಹಡಗಿನವರಿಗೆ ತಿಳಿಯುವುದಿಲ್ಲವೇ? ಯುದ್ಧ ನಡೆಯುವ ಕಡೆಗೆ ಹೋಗಲಾರೆ ಎಂದು ಹುಡುಗ ಹೇಳಬಹುದೇ? ದೊಡ್ಡಪ್ಪನ ಹೆಸರು ಎಲ್ಲಾದರೂ ಸಿಕ್ಕೀತೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಎಂಬತ್ತು ವರ್ಷ ಹಿಂದಿನ ಸಾವಿನಿಂದ ಬಂದದ್ದು, ಇನ್ನೊಂದು ಮುಂದಿನ ತಿಂಗಳ ಪ್ರಯಾಣದ್ದು. ಮೊದಲನೆಯದನ್ನು ಸರಿಯಾಗಿ ಅರಿತುಕೊಂಡರೆ ಎರಡನೆಯದನ್ನು ಅಳೆಯುವುದು ಸುಲಭವಾಗುತ್ತದೆ ಎಂಬುದು ನನ್ನ ಅನುಭವ. ನಾನು ಮೂವತ್ತೊಂದು ವರ್ಷ ವಾಣಿಜ್ಯ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು, ಚೀಫ್ ಎಂಜಿನಿಯರಾಗಿ ನಿವೃತ್ತನಾಗಿ, ಈಗ ಮೈಸೂರಿನ ಸರಸ್ವತಿಪುರಂನಲ್ಲಿದ್ದೇನೆ. ಜಲಾಂತರ್ಗಾಮಿಯ ದಾಳಿಯನ್ನು ಕಣ್ಣಾರೆ ಕಂಡವನಲ್ಲ. ಆದರೆ ಹೊಡೆತಕ್ಕೆ ಗುರಿಯಾಗುವ ಹಡಗಿನ ಒಡಲಲ್ಲಿ ನಿಂತು ಕೆಲಸ ಮಾಡುವುದು ಹೇಗಿರುತ್ತದೆಂದು ಬಲ್ಲೆ.

ಈಜುತ್ತಿದ್ದವರನ್ನು ಗುಂಡಿಟ್ಟು ಸುಟ್ಟರೆಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಅತ್ತೆಯವರ ಮನಸ್ಸಿನಲ್ಲಿ ಉಳಿದಿರುವುದು ಅದೇ ಚಿತ್ರ. ಅದು ಕಟ್ಟುಕಥೆಯಲ್ಲ, ಅಂಥ ಘಟನೆಗಳು ನಡೆದಿವೆ. 1944ರ ಜುಲೈ 2ರಂದು ಸಿಂಹಳದ ದಕ್ಷಿಣಕ್ಕೆ ಜೀನ್ ನಿಕೋಲೆಟ್ ಎಂಬ ಅಮೆರಿಕದ ಹಡಗನ್ನು ಹೊಡೆದ ಜಪಾನಿನ ಐ-8 ಜಲಾಂತರ್ಗಾಮಿಯವರು, ಬದುಕುಳಿದವರನ್ನು ತಮ್ಮ ಡೆಕ್ಕಿನ ಮೇಲೆ ಹತ್ತಿಸಿಕೊಂಡು, ಕೈ ಕಟ್ಟಿ, ಹೊಡೆದು ಇರಿದು, ಕೊನೆಗೆ ಹಾಗೆಯೇ ನೀರಿನೊಳಗೆ ಮುಳುಗಿದರು. ನೂರು ಮಂದಿಯಲ್ಲಿ ಉಳಿದವರು 23. ಅವರನ್ನು ಎತ್ತಿಕೊಂಡದ್ದು ರಾಯಲ್ ಇಂಡಿಯನ್ ನೇವಿಯ ಹೋಕ್ಸಾ ಎಂಬ ಸಣ್ಣ ಹಡಗು. ಅದೇ ವರ್ಷದ ಮಾರ್ಚಿನಲ್ಲಿ ಜರ್ಮನಿಯ ಯು-852 ಜಲಾಂತರ್ಗಾಮಿಯ ಕಪ್ತಾನ ಹೈನ್ಸ್ ಎಕ್, ಗ್ರೀಸ್ ದೇಶದ ಪೆಲಿಯುಸ್ ಹಡಗನ್ನು ಮುಳುಗಿಸಿದ ಮೇಲೆ ತೇಲುತ್ತಿದ್ದ ತೆಪ್ಪಗಳ ಮೇಲೆ ಗುಂಡು ಹಾರಿಸಿದ. ಯುದ್ಧ ಮುಗಿದ ಮೇಲೆ ವಿಚಾರಣೆಗೆ ಒಳಗಾಗಿ 1945ರ ನವೆಂಬರಿನಲ್ಲಿ ಮರಣದಂಡನೆ ಪಡೆದ.

ಇದು ಜಪಾನಿನವರ ಅಥವಾ ಜರ್ಮನರ ಗುಣ ಎಂದು ತೀರ್ಮಾನಿಸುವ ಮೊದಲು ಇನ್ನೊಂದು ಘಟನೆಯನ್ನು ತಿಳಿದಿರಬೇಕು. 1943ರ ಜನವರಿ 26ರಂದು ಅಮೆರಿಕದ ವಾಹೂ ಎಂಬ ಜಲಾಂತರ್ಗಾಮಿ ಬುಯೊ ಮಾರು ಎಂಬ ಜಪಾನಿನ ಹಡಗನ್ನು ಮುಳುಗಿಸಿ, ಅದರ ದೋಣಿಗಳ ಮೇಲೆ ಗುಂಡು ಹಾರಿಸಿತು. ಆ ಹಡಗಿನಲ್ಲಿ ಜಪಾನಿನವರು ಸೆರೆಹಿಡಿದಿದ್ದ ನಮ್ಮದೇ ಪಂಜಾಬ್ ರೆಜಿಮೆಂಟಿನ ಸೈನಿಕರಿದ್ದರು. ಅಂದು ಸತ್ತವರಲ್ಲಿ 195 ಮಂದಿ ಭಾರತೀಯರು. ಆ ಕಪ್ತಾನನ ಮೇಲೆ ವಿಚಾರಣೆ ನಡೆಯಲಿಲ್ಲ, ಗೆದ್ದ ಪಕ್ಷದವರ ಮೇಲೆ ನಡೆಯುವುದೂ ಇಲ್ಲ.

ಆದರೂ ಇವು ಅಪವಾದಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಎರಡೂವರೆ ಸಾವಿರಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳನ್ನು ಮುಳುಗಿಸಿದವು, ಬದುಕುಳಿದವರನ್ನು ಕೊಂದುದಕ್ಕಾಗಿ ಅವುಗಳ ಕಪ್ತಾನರಲ್ಲಿ ಮರಣದಂಡನೆ ಅನುಭವಿಸಿದವನು ಎಕ್ ಒಬ್ಬನೇ. ಯುದ್ಧದ ಮೊದಲ ವರ್ಷಗಳಲ್ಲಂತೂ ದೋಣಿಯವರ ಬಳಿ ಬಂದು ಹಡಗಿನ ಹೆಸರು ಕೇಳಿ, ನೆಲ ಯಾವ ದಿಕ್ಕಿಗಿದೆ ಎಂದು ತೋರಿಸಿ ಹೋದ ಕಪ್ತಾನರು ಹಲವರಿದ್ದರು. ಸಮುದ್ರದಲ್ಲಿ ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಗುಂಡಿನಿಂದಲ್ಲ. ಟಾರ್ಪಿಡೊ, ಅಂದರೆ ನೀರಿನೊಳಗೇ ಸಾಗಿ ಬಂದು ಸಿಡಿಯುವ ಅಸ್ತ್ರ, ಬಡಿದ ಕ್ಷಣದಲ್ಲಿ, ಆಮೇಲೆ ನೀರಿನಲ್ಲಿ, ಅದಕ್ಕೂ ಆಮೇಲೆ ತೆರೆದ ದೋಣಿಯಲ್ಲಿ ಚಳಿಗೆ, ಬಾಯಾರಿಕೆಗೆ ಸತ್ತರು. ನಿಮ್ಮ ದೊಡ್ಡಪ್ಪನ ಅಂತ್ಯ ಹೇಗಾಯಿತೆಂದು ನಾನು ಊಹಿಸಿ ಹೇಳುವುದು ತಪ್ಪಾಗುತ್ತದೆ. ಮನೆಯಲ್ಲಿ ಹೇಳುವ ರೀತಿಯಲ್ಲೇ ಆಗಿರಬೇಕೆಂದಿಲ್ಲ ಎಂಬಷ್ಟನ್ನು ಮಾತ್ರ ಅತ್ತೆಯವರಿಗೆ ತಿಳಿಸಿ.

ಈಗ ಕಾನೂನು. ಇದೆ, ಸಾಕಷ್ಟು ಸ್ಪಷ್ಟವಾಗಿಯೇ ಇದೆ. 1930ರ ಲಂಡನ್ ಒಪ್ಪಂದದಲ್ಲಿ ಒಪ್ಪಿಕೊಂಡು 1936ರಲ್ಲಿ ಮತ್ತೊಮ್ಮೆ ಸಹಿ ಮಾಡಿದ ನಿಯಮದ ಪ್ರಕಾರ, ವ್ಯಾಪಾರಿ ಹಡಗು ನಿಲ್ಲೆಂದರೂ ನಿಲ್ಲದೆ ಹಟ ಹಿಡಿದರೆ ಅಥವಾ ತಪಾಸಣೆಗೆ ಅಡ್ಡಿಪಡಿಸಿದರೆ ಹೊರತು, ಅದರ ಪ್ರಯಾಣಿಕರನ್ನೂ ಸಿಬ್ಬಂದಿಯನ್ನೂ ಹಡಗಿನ ಕಾಗದಪತ್ರಗಳನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸದೆ ಅದನ್ನು ಮುಳುಗಿಸುವಂತಿಲ್ಲ. ನೆಲವೋ ಬೇರೊಂದು ಹಡಗೋ ಹತ್ತಿರವಿಲ್ಲದ ನಡುಗಡಲಿನಲ್ಲಿ ದೋಣಿಗೆ ಇಳಿಸಿಬಿಟ್ಟರೆ ಅದು ಸುರಕ್ಷಿತ ಸ್ಥಳವಾಗದು ಎಂದೂ ಅದರಲ್ಲೇ ಬರೆದಿದೆ. ಜರ್ಮನಿ, ಜಪಾನ್, ಬ್ರಿಟನ್, ಅಮೆರಿಕ ಎಲ್ಲವೂ ಇದನ್ನು ಒಪ್ಪಿದ್ದವು. ಯುದ್ಧ ಬಂದಾಗ ಒಂದೂ ಉಳಿಸಿಕೊಳ್ಳಲಿಲ್ಲ. ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಕೆಲವೇ ಗಂಟೆಗಳಲ್ಲಿ ಅಮೆರಿಕದ ನೌಕಾಪಡೆ ಜಪಾನಿನ ಎಲ್ಲ ಹಡಗುಗಳ ಮೇಲೂ ಅನಿರ್ಬಂಧಿತ, ಅಂದರೆ ಎಚ್ಚರಿಕೆಯಿಲ್ಲದ, ದಾಳಿಗೆ ಆಜ್ಞೆ ಕೊಟ್ಟಿತು. ಇದರ ಫಲವಾಗಿ ಯುದ್ಧದ ನಂತರ ಜರ್ಮನ್ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಾಲಯವು, ಜರ್ಮನಿಯ ಜಲಾಂತರ್ಗಾಮಿಗಳ ಮುಖ್ಯಸ್ಥನಾಗಿದ್ದ ಅಡ್ಮಿರಲ್ ಡೋನಿಟ್ಸ್ ಈ ನಿಯಮವನ್ನು ಮುರಿದದ್ದು ನಿಜವೆಂದರೂ, ಬ್ರಿಟಿಷರೂ ಅಮೆರಿಕನರೂ ಅದನ್ನೇ ಮಾಡಿದ್ದರಿಂದ, ಆ ಒಂದು ಕಾರಣಕ್ಕೆ ಅವನ ಶಿಕ್ಷೆಯನ್ನು ಲೆಕ್ಕಹಾಕಲಿಲ್ಲ. ಅವನಿಗೆ ಬಿದ್ದ ಹತ್ತು ವರ್ಷ ಬೇರೆ ಅಪರಾಧಗಳಿಗೆ.

ಎಲ್ಲರೂ ಒಪ್ಪಿದ ಕಾನೂನನ್ನು ಎಲ್ಲರೂ ಮುರಿದದ್ದೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ಉತ್ತರ ಮನುಷ್ಯರ ಕ್ರೌರ್ಯಕ್ಕಿಂತ ಹೆಚ್ಚಾಗಿ ಆ ಯಂತ್ರದ ರಚನೆಯಲ್ಲಿದೆ. ಜರ್ಮನರು ಹೆಚ್ಚಾಗಿ ಬಳಸಿದ ಏಳನೇ ಮಾದರಿಯ ಜಲಾಂತರ್ಗಾಮಿಯಲ್ಲಿ ಸುಮಾರು 44 ಮಂದಿ ಇರುತ್ತಿದ್ದರು. ಒಬ್ಬ ಎದ್ದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕಾದಷ್ಟು ಇಕ್ಕಟ್ಟು. ಸೆರೆಹಿಡಿದವರನ್ನು ಇಡುವುದೆಲ್ಲಿ? ಅದರ ಕವಚಕ್ಕೆ ಒಂದು ಸಣ್ಣ ಫಿರಂಗಿಯ ಗುಂಡು ಬಿದ್ದರೂ ಮತ್ತೆ ಮುಳುಗಲು ಆಗದು, ಮುಳುಗಲಾಗದ ಜಲಾಂತರ್ಗಾಮಿ ಎಂದರೆ ಒಂದು ನಿಧಾನಗತಿಯ, ದುರ್ಬಲ ದೋಣಿ ಅಷ್ಟೇ. ಮೇಲೆ ಬಂದು "ನಿಲ್ಲು" ಎಂದು ಕೂಗಿದರೆ ವ್ಯಾಪಾರಿ ಹಡಗು ತನ್ನ ರೇಡಿಯೊದಲ್ಲಿ ತಾನಿರುವ ಜಾಗವನ್ನು ಸಾರುತ್ತದೆ, ದಡ ಹತ್ತಿರವಿದ್ದರೆ ಬೇಗನೆ ವಿಮಾನ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಸರಕಿನ ಹಡಗಿನ ವೇಷದಲ್ಲಿ ಫಿರಂಗಿಗಳನ್ನು ಬಚ್ಚಿಟ್ಟುಕೊಂಡು ತಿರುಗಿದ ಮೇಲೆ, ಎಚ್ಚರಿಕೆ ಕೊಡಲು ಮೇಲೆದ್ದು ಬಂದವನೇ ಸಾಯುವ ಸ್ಥಿತಿ ಬಂತು. ಹೀಗೆ ಕಾನೂನು ಬಯಸಿದ್ದನ್ನು ಮಾಡಿದರೆ ಜಲಾಂತರ್ಗಾಮಿ ಉಳಿಯದು, ಅದು ಉಳಿಯಬೇಕಾದರೆ ಕಾನೂನು ಉಳಿಯದು.

ಇದಕ್ಕೆ 1942ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ನಡೆದ, ಲಕೋನಿಯಾ ಎಂಬ ಬ್ರಿಟಿಷ್ ಹಡಗಿನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಹಡಗನ್ನು ಹೊಡೆದ ಯು-156ರ ಕಪ್ತಾನ ಹಾರ್ಟೆನ್‌ಸ್ಟೈನ್, ನೀರಿನಲ್ಲಿ ನೂರಾರು ಜನ ಕೂಗುತ್ತಿರುವುದನ್ನು ಕೇಳಿ, ಸಿಕ್ಕಷ್ಟು ಜನರನ್ನು ಮೇಲೆಳೆದುಕೊಂಡು, ದೋಣಿಗಳನ್ನು ಹಗ್ಗ ಕಟ್ಟಿ ಎಳೆದು, ಶತ್ರುವಿನ ಹಡಗಾದರೂ ಬಂದು ಸಹಾಯ ಮಾಡಲಿ ಎಂದು ರೇಡಿಯೊದಲ್ಲಿ ಬಹಿರಂಗವಾಗಿ ಸಾರಿದ. ರೆಡ್ ಕ್ರಾಸ್ ಬಾವುಟವನ್ನೂ ಹಾಸಿದ. ಅದರ ಮೇಲೆ ಅಮೆರಿಕದ ವಿಮಾನವೊಂದು ಬಾಂಬು ಹಾಕಿತು. ಐದು ದಿನದೊಳಗೆ, ಸೆಪ್ಟೆಂಬರ್ 17ರಂದು, ಇನ್ನು ಮುಂದೆ ಯಾರನ್ನೂ ರಕ್ಷಿಸಕೂಡದೆಂದು ಡೋನಿಟ್ಸ್ ಆಜ್ಞೆ ಹೊರಡಿಸಿದ. ನಿಮ್ಮ ದೊಡ್ಡಪ್ಪ ಕಡಲಿನಲ್ಲಿದ್ದದ್ದು ಇದರ ಬೆನ್ನಿಗೇ ಬಂದ ತಿಂಗಳುಗಳಲ್ಲಿ.

ಆಯುಧವಿಲ್ಲದ ಹಡಗನ್ನು ಹೊಡೆಯುವುದೇಕೆ ಎಂಬ ನಿಮ್ಮ ಕೇಳಿಕೆಗೆ ಇನ್ನೊಂದು ಮುಖವಿದೆ. ಸಮುದ್ರಯುದ್ಧದಲ್ಲಿ ಗುರಿ ಹಡಗಲ್ಲ, ಅದರೊಳಗಿನ ಗೋಧಿ, ಎಣ್ಣೆ, ಕಬ್ಬಿಣದ ಅದಿರು. ಬಲವಾದ ನೌಕಾಪಡೆಯಿರುವವನು ಎದುರಾಳಿಯ ಬಂದರುಗಳಿಗೆ ದಿಗ್ಬಂಧನ ಹಾಕುತ್ತಾನೆ, ಅಷ್ಟು ಬಲವಿಲ್ಲದವನು ಜಲಾಂತರ್ಗಾಮಿಯನ್ನು ಬಿಡುತ್ತಾನೆ. ಎರಡರ ಉದ್ದೇಶವೂ ಹೊಟ್ಟೆಗೆ ಹೊಡೆಯುವುದೇ. ದಿಗ್ಬಂಧನದ ಬಿಸಿ ನಮ್ಮ ಮೈಸೂರಿಗೂ ತಟ್ಟಿದ್ದುಂಟು. 1914ರವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿ ಗಂಧದ ಕೊರಡುಗಳು ಡಿಪೊಗಳಲ್ಲಿ ರಾಶಿ ಬಿದ್ದಾಗ, ಇಲ್ಲಿಯೇ ಎಣ್ಣೆ ತೆಗೆಯುವ ಪ್ರಯೋಗಗಳು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ನಡೆದು, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು, ಅದರ ಬೆನ್ನಿಗೆ ಸಾಬೂನು ಬಂತು. ನಾವು ಇಂದಿಗೂ ಹೆಮ್ಮೆಯಿಂದ ಕೈಗೆತ್ತಿಕೊಳ್ಳುವ ಆ ಸಾಬೂನಿನ ಹುಟ್ಟಿನಲ್ಲಿ ಬ್ರಿಟಿಷರು ಜರ್ಮನಿಗೆ ಉತ್ತರ ಸಮುದ್ರದಲ್ಲಿ ಹಾಕಿದ ದಿಗ್ಬಂಧನದ ಪಾಲೂ ಇದೆ. ಆ ದಿಗ್ಬಂಧನಕ್ಕೆ ಜರ್ಮನಿ ಕೊಟ್ಟ ಉತ್ತರವೇ 1915ರ ಫೆಬ್ರವರಿಯ ಘೋಷಣೆ: ಬ್ರಿಟನ್ ಸುತ್ತಲಿನ ನೀರೆಲ್ಲ ಯುದ್ಧವಲಯ, ಅಲ್ಲಿ ಕಂಡ ಶತ್ರು ವ್ಯಾಪಾರಿ ಹಡಗು ಮುಳುಗೀತು. ಮೇ 7ರಂದು ಲುಸಿಟಾನಿಯಾ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗು ಮುಳುಗಿ ಸುಮಾರು 1,200 ಜನ ಸತ್ತದ್ದು ಲೋಕಕ್ಕೆಲ್ಲ ಗೊತ್ತು. ಅದೇ ವರ್ಷದ ಡಿಸೆಂಬರ್ 30ರಂದು ಬೊಂಬಾಯಿಗೆ ಬರುತ್ತಿದ್ದ ಪರ್ಷಿಯಾ ಎಂಬ ಪ್ರಯಾಣಿಕ ಹಡಗು ಕ್ರೀಟ್ ದ್ವೀಪದ ಬಳಿ ಎಚ್ಚರಿಕೆಯಿಲ್ಲದೆ ಹೊಡೆತ ತಿಂದು 343 ಜನರೊಂದಿಗೆ ಮುಳುಗಿದ್ದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಹತ್ತಿರ ಬಂದರೆ ತಿಳಿಯುವುದಿಲ್ಲವೇ ಎಂದಿರಿ. ತಿಳಿಯುವುದಿಲ್ಲ, ಇಂದಿಗೂ ತಿಳಿಯುವುದಿಲ್ಲ. ವ್ಯಾಪಾರಿ ಹಡಗಿನಲ್ಲಿರುವುದು ತಳದ ಆಳವನ್ನು ಅಳೆಯುವ ಉಪಕರಣ, ಜಲಾಂತರ್ಗಾಮಿಯನ್ನು ಹುಡುಕುವ ಸೋನಾರ್ ಅಲ್ಲ. ನಮ್ಮ ಪ್ರೊಪೆಲ್ಲರಿನ ಸದ್ದು ಮಾತ್ರ ಅವರಿಗೆ ಬಹು ದೂರದಿಂದ ಕೇಳುತ್ತದೆ. ಹಾಗಾದರೆ ಆ ಕಾಲದಲ್ಲಿ ಹಡಗುಗಳನ್ನು ಉಳಿಸಿದ್ದೇನು? ಬೆಂಗಾವಲು, ಅಂದರೆ ಹಡಗುಗಳನ್ನು ಗುಂಪುಗೂಡಿಸಿ ಯುದ್ಧನೌಕೆಗಳ ಕಾವಲಿನಲ್ಲಿ ಕಳಿಸುವ ಕ್ರಮ. ಇದನ್ನು ಕೇಳಿದವರೆಲ್ಲ ಗುಂಪಾಗಿ ಹೋದರೆ ಶತ್ರುವಿಗೆ ಇನ್ನೂ ಸುಲಭವಲ್ಲವೇ ಎನ್ನುತ್ತಾರೆ. 1917ರವರೆಗೆ ಬ್ರಿಟಿಷ್ ನೌಕಾಪಡೆಯ ಹಿರಿಯರೂ ಹಾಗೆಯೇ ಎಣಿಸಿ, ಆ ವರ್ಷದ ಏಪ್ರಿಲ್ ಒಂದೇ ತಿಂಗಳಲ್ಲಿ ಎಂಟು ಲಕ್ಷ ಟನ್ನಿಗೂ ಹೆಚ್ಚಿನ ಹಡಗುಗಳು ಮುಳುಗುವವರೆಗೆ ಮನಸ್ಸು ಬದಲಿಸಲಿಲ್ಲ. ಮಂಡ್ಯದವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಬೆಳಗಿನಿಂದ ಸಂಜೆವರೆಗೆ ಒಂದೊಂದಾಗಿ ಬಂದರೆ, ರಸ್ತೆ ಬದಿಯಲ್ಲಿ ನಿಂತ ಹುಡುಗ ಪ್ರತಿ ಗಾಡಿಯಿಂದಲೂ ಒಂದು ಜಲ್ಲೆ ಕಿತ್ತುಕೊಳ್ಳುತ್ತಾನೆ. ನಲವತ್ತು ಗಾಡಿಗಳು ಒಟ್ಟಿಗೆ, ಪಕ್ಕದಲ್ಲಿ ಕೋಲು ಹಿಡಿದ ಕಾವಲುಗಾರನೊಂದಿಗೆ ಹತ್ತು ನಿಮಿಷದಲ್ಲಿ ದಾಟಿಬಿಟ್ಟರೆ ಅವನಿಗೆ ಸಿಗುವುದು ಒಂದೋ ಎರಡೋ, ಹುಡುಗ ಆ ಹತ್ತು ನಿಮಿಷ ಬೇರೆ ರಸ್ತೆಯಲ್ಲಿದ್ದರೆ ಅದೂ ಇಲ್ಲ. ಅಂದಿನ ಜಲಾಂತರ್ಗಾಮಿ ನೀರಿನಡಿಯಲ್ಲಿ ಗಂಟೆಗೆ ಹದಿನಾಲ್ಕು ಕಿಲೋಮೀಟರಿಗಿಂತ ವೇಗವಾಗಿ ಹೋಗಲಾರದು, ಆ ವೇಗದಲ್ಲಿ ಬ್ಯಾಟರಿ ಬೇಗನೆ ಬರಿದಾಗುತ್ತಿತ್ತು. ಆದ್ದರಿಂದ ಒಮ್ಮೆ ದಾಟಿಹೋದ ಗುಂಪನ್ನು ಮುಳುಗಿಕೊಂಡೇ ಹಿಂಬಾಲಿಸುವುದು ಅದಕ್ಕೆ ಆಗದ ಮಾತು. ಮೇಲೆದ್ದು ಹಿಂಬಾಲಿಸಿದರೆ ವಿಮಾನದ ಕಣ್ಣಿಗೆ ಬೀಳುತ್ತದೆ. 1943ರ ಮೇ ತಿಂಗಳಲ್ಲಿ 41 ಜಲಾಂತರ್ಗಾಮಿಗಳನ್ನು ಕಳೆದುಕೊಂಡು ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ಹಿಂದೆಗೆಯಬೇಕಾಯಿತು. ಇಡೀ ಯುದ್ಧದಲ್ಲಿ ಜಲಾಂತರ್ಗಾಮಿಗಳಲ್ಲಿ ದುಡಿದ ಸುಮಾರು 40,000 ಜರ್ಮನರಲ್ಲಿ ಮುಕ್ಕಾಲು ಪಾಲು ಜನ ಮನೆಗೆ ಮರಳಲಿಲ್ಲ.

ಹಿಂದೂ ಮಹಾಸಾಗರದಲ್ಲಿ ಈ ರಕ್ಷಣೆ ತೆಳ್ಳಗಿತ್ತು. ಕಾವಲು ನೌಕೆಗಳು ಅಟ್ಲಾಂಟಿಕ್‌ಗೇ ಸಾಲದಿದ್ದ ಕಾಲ ಅದು. ಬೊಂಬಾಯಿಯಿಂದ ಹೊರಟ ಎಷ್ಟೋ ಹಡಗುಗಳು ಒಂಟಿಯಾಗಿಯೇ ಹೋಗುತ್ತಿದ್ದವು. 1942ರ ನವೆಂಬರ್ 20ರಂದು ಪೂರ್ವ ಆಫ್ರಿಕಕ್ಕೆ ಹೊರಟ ತಿಲಾವಾ ಅಂಥದ್ದು. 23ರ ನಸುಕಿನಲ್ಲಿ ಜಪಾನಿನ ಐ-29 ಅದಕ್ಕೆ ಟಾರ್ಪಿಡೊ ಹೊಡೆಯಿತು. ಮೊದಲ ಹೊಡೆತಕ್ಕೆ ಮುಳುಗದ್ದರಿಂದ ದೋಣಿಗಿಳಿದ ಕೆಲವರು ಮತ್ತೆ ಹತ್ತಿಕೊಂಡರು, ಆಗ ಎರಡನೆಯದು ಬಂತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಉಳಿದವರಲ್ಲಿ ಬಹುತೇಕರನ್ನು ಬರ್ಮಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಯುದ್ಧನೌಕೆ ಎತ್ತಿಕೊಂಡದ್ದು ಎರಡು ದಿನಗಳ ನಂತರ. ನೀವು ಹೇಳುವ ಕಾಲಕ್ಕೆ ಇದು ಹೊಂದುತ್ತದೆ. ಆದರೆ ಕಾಲ ಹೊಂದಿದ ಮಾತ್ರಕ್ಕೆ ಇದೇ ಹಡಗೆಂದು ನಂಬಬೇಡಿ. ಆ ಚಳಿಗಾಲದಲ್ಲಿ ಭಾರತೀಯ ನಾವಿಕರಿದ್ದ ಎಷ್ಟೋ ಹಡಗುಗಳು ಬೇರೆ ಬೇರೆ ಸಾಗರಗಳಲ್ಲಿ ಹೋದವು.

ಇಲ್ಲಿ ನನ್ನ ವೃತ್ತಿಯ ಮಾತು ಸ್ವಲ್ಪ ಹೇಳಬೇಕು. ಟಾರ್ಪಿಡೊ ಹಡಗಿನ ಮೇಲ್ಭಾಗಕ್ಕೆ ಬರುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ, ಸಾಧ್ಯವಾದರೆ ತಳದ ಬೆನ್ನೆಲುಬಿನ ಕೆಳಗೆ ಸಿಡಿಯುತ್ತದೆ. ಆ ಯುದ್ಧದ ಜರ್ಮನ್ ಟಾರ್ಪಿಡೊದಲ್ಲಿ ಸುಮಾರು 280 ಕಿಲೊ ಸ್ಫೋಟಕ ಇರುತ್ತಿತ್ತು. ಎಂಜಿನ್ ರೂಮ್ ಎಂದರೆ ನೀರಿನ ಮಟ್ಟಕ್ಕಿಂತ ಕೆಳಗಿರುವ, ನಡುವೆ ಗೋಡೆಗಳಿಲ್ಲದ ದೊಡ್ಡ ಹಜಾರ. ಅದು ತುಂಬಿದರೆ ಹಡಗಿನ ಗತಿ ಮುಗಿಯಿತು, ಆದ್ದರಿಂದ ಗುರಿ ಇಡುವವನಿಗೂ ಅದೇ ಇಷ್ಟ. ಕಬ್ಬಿಣದ ಅದಿರು ತುಂಬಿದ ಹಡಗು ಒಂದೆರಡು ನಿಮಿಷದಲ್ಲಿ ಕಲ್ಲಿನಂತೆ ಹೋಗುತ್ತದೆ, ಮರದ ದಿಮ್ಮಿ ತುಂಬಿದ್ದು ದಿನಗಟ್ಟಲೆ ತೇಲಬಹುದು, ಪೆಟ್ರೋಲಿನದ್ದು ಉರಿಯುತ್ತದೆ. ಬ್ರಿಟಿಷ್ ಹಡಗುಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಆಗ್‌ವಾಲಾ, ಎಣ್ಣೆ ಹಾಕುವ ತೇಲ್‌ವಾಲಾ, ಅಡುಗೆಯ ಭಂಡಾರಿ, ಇವರೆಲ್ಲ ಹೆಚ್ಚಾಗಿ ನಮ್ಮವರು. ಬ್ರಿಟಿಷ್ ನಾವಿಕನ ಸಂಬಳದ ಸಣ್ಣ ಪಾಲಿಗೆ ದುಡಿದವರು. 1939ರಲ್ಲಿ ಯುದ್ಧ ಶುರುವಾದಾಗ ಇವರು ಸಂಬಳಕ್ಕಾಗಿ ಬ್ರಿಟನ್ನಿನ ಬಂದರುಗಳಲ್ಲೇ ಮುಷ್ಕರ ಹೂಡಿದರು, ಹಲವರು ಜೈಲಿಗೂ ಹೋದರು. 1940ರ ಸೆಪ್ಟೆಂಬರಿನಲ್ಲಿ ಸಿಟಿ ಆಫ್ ಬನಾರಸ್ ಎಂಬ ಹಡಗು ಮುಳುಗಿ 77 ಬ್ರಿಟಿಷ್ ಮಕ್ಕಳು ಸತ್ತದ್ದನ್ನು ಎಲ್ಲರೂ ಬರೆಯುತ್ತಾರೆ, ಬರೆಯಬೇಕಾದದ್ದೇ. ಅದೇ ರಾತ್ರಿ ಅಟ್ಲಾಂಟಿಕ್‌ನ ಚಳಿಯಲ್ಲಿ ಸುಮಾರು ನೂರು ಮಂದಿ ಭಾರತೀಯ ನಾವಿಕರು ಸತ್ತರೆಂಬುದು ಆ ಬರಹಗಳಲ್ಲಿ ಒಂದು ಸಾಲಾಗಿ ಬಂದರೆ ಹೆಚ್ಚು. ಇಡೀ ಯುದ್ಧದಲ್ಲಿ ಹೀಗೆ ಸತ್ತ ಭಾರತೀಯ ವಾಣಿಜ್ಯ ನಾವಿಕರು 6,600ರಷ್ಟು.

ಇನ್ನು ನಿಮ್ಮ ಮಗನ ಕಾಲಕ್ಕೆ ಬರೋಣ. ಜಲಾಂತರ್ಗಾಮಿಯೊಂದು ವ್ಯಾಪಾರಿ ಹಡಗನ್ನು ಮುಳುಗಿಸುವುದು 1945ರ ನಂತರ ತೀರ ವಿರಳ. ಧರ್ಮಬುದ್ಧಿ ಬಂದು ಬಿಟ್ಟದ್ದಲ್ಲ. ಇಂದಿನ ಹಡಗಿನ ಬಾವುಟ ಒಂದು ದೇಶದ್ದು, ಮಾಲೀಕ ಇನ್ನೊಂದು ದೇಶದವನು, ಸರಕು ಮೂರನೆಯವನದು, ಸಿಬ್ಬಂದಿ ಭಾರತ, ಫಿಲಿಪೈನ್ಸ್‌ನವರು. ಹೊಡೆದರೆ ಯಾರಿಗೆ ಪೆಟ್ಟು ಬೀಳುತ್ತದೆಂದು ಹೊಡೆಯುವವನಿಗೂ ತಿಳಿಯದು. ಅದಲ್ಲದೆ ಕೆಲವು ಸಾವಿರ ಡಾಲರಿನ ಡ್ರೋನ್ ಮಾಡುವ ಕೆಲಸಕ್ಕೆ ಸಾವಿರಾರು ಕೋಟಿಯ ಜಲಾಂತರ್ಗಾಮಿಯನ್ನು ಯಾರೂ ಅಪಾಯಕ್ಕೆ ಒಡ್ಡುವುದಿಲ್ಲ. ಆದ್ದರಿಂದ ಈಗಿನ ಭಯ ಬೇರೆ ರೂಪದ್ದು: ಕ್ಷಿಪಣಿ, ಡ್ರೋನ್, ಸಮುದ್ರದ ಮೈನು (ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡು), ಸಣ್ಣ ವೇಗದ ದೋಣಿ. 1987ರಲ್ಲಿ ಇರಾನ್–ಇರಾಕ್ ಯುದ್ಧದ ಸಮಯದಲ್ಲಿ ನಾನು ಕಿರಿಯ ಎಂಜಿನಿಯರಾಗಿ ಟ್ಯಾಂಕರೊಂದರಲ್ಲಿ ಹಾರ್ಮುಜ್ ಜಲಸಂಧಿ ದಾಟಿದ್ದೇನೆ. ರಾತ್ರಿ ದೀಪವೆಲ್ಲ ಆರಿಸಿ, ಲೈಫ್ ಬೋಟುಗಳನ್ನು ಹೊರಕ್ಕೆ ತೂಗುಬಿಟ್ಟು, ಕ್ಯಾಬಿನ್ನಿನ ಬದಲು ಒಳಗಿನ ಓಣಿಯಲ್ಲಿ ಮಲಗುತ್ತಿದ್ದೆವು. ಆ ಯುದ್ಧದಲ್ಲಿ ನಾನೂರಕ್ಕೂ ಹೆಚ್ಚು ಹಡಗುಗಳಿಗೆ ಪೆಟ್ಟು ಬಿತ್ತು, ಆದರೆ ಟ್ಯಾಂಕರುಗಳಲ್ಲಿ ಬಹುತೇಕವು ಮುಳುಗಲಿಲ್ಲ. ಕಚ್ಚಾ ತೈಲ ತುಂಬಿದ ದೊಡ್ಡ ಟ್ಯಾಂಕರನ್ನು ಮುಳುಗಿಸುವುದು ಜನ ಎಣಿಸುವುದಕ್ಕಿಂತ ಕಷ್ಟ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನ್ ದೇಶದ ಬಂಡುಕೋರರಾದ ಹೂತಿಗಳು ನಡೆಸಿದ ದಾಳಿಗಳಲ್ಲಿ ನಾಲ್ಕು ಹಡಗುಗಳು ಮುಳುಗಿದವು, ಜೀವಗಳೂ ಹೋದವು. 2024ರ ಜನವರಿಯಲ್ಲಿ ಕ್ಷಿಪಣಿ ಬಿದ್ದು ಹೊತ್ತಿಕೊಂಡ ಮಾರ್ಲಿನ್ ಲುವಾಂಡಾ ಟ್ಯಾಂಕರಿನಲ್ಲಿ 22 ಮಂದಿ ಭಾರತೀಯರಿದ್ದರು. ನಮ್ಮ ನೌಕಾಪಡೆಯ ಐಎನ್‌ಎಸ್ ವಿಶಾಖಪಟ್ಟಣಂ ಹೋಗಿ ಬೆಂಕಿ ಆರಿಸಲು ನೆರವಾಯಿತು, ಎಲ್ಲರೂ ಉಳಿದರು. ಅಪಾಯ ಇಲ್ಲವೆಂದು ನಾನು ಹೇಳಲಾರೆ. ಅದು ಇಡೀ ಸಮುದ್ರದ್ದಲ್ಲ, ಕೆಲವು ಇಕ್ಕಟ್ಟಿನ ದಾರಿಗಳದ್ದು ಎಂದು ಹೇಳಬಲ್ಲೆ.

ಹೋಗಲಾರೆ ಎನ್ನಬಹುದೇ? ಬಹುಮಟ್ಟಿಗೆ ಹೌದು, ಆದರೆ ಆ ಹಕ್ಕು ಅವನ ಒಪ್ಪಂದಪತ್ರದಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವೂ ಹಡಗು ಮಾಲೀಕರೂ ಸೇರಿ ಮಾಡಿಕೊಂಡಿರುವ, ಐಬಿಎಫ್ ಎಂದು ಕರೆಯುವ ಒಪ್ಪಂದದ ಪ್ರಕಾರ, ಯುದ್ಧಸದೃಶ ವಲಯವೆಂದು ಗುರುತಿಸಿದ ಕಡೆಗೆ ಹೋಗಲು ನಾವಿಕ ನಿರಾಕರಿಸಬಹುದು, ಕಂಪನಿ ತನ್ನ ಖರ್ಚಿನಲ್ಲಿ ಅವನನ್ನು ಮನೆಗೆ ಕಳಿಸಬೇಕು. ಹೋದರೆ ಮೂಲ ವೇತನದಷ್ಟೇ ಹೆಚ್ಚುವರಿ ಬೋನಸ್, ಸಾವು ಅಥವಾ ಅಂಗವೈಕಲ್ಯಕ್ಕೆ ಎರಡು ಪಟ್ಟು ಪರಿಹಾರ. ನಿಮ್ಮ ಮಗ ಸೇರುವ ಹಡಗು ಇಂಥ ಒಪ್ಪಂದದೊಳಗೆ ಇದೆಯೇ, ಅದು ಟ್ರೇನಿಗೂ ಅನ್ವಯಿಸುತ್ತದೆಯೇ ಎಂದು ಸಹಿ ಮಾಡುವ ಮೊದಲು ಬರಹದಲ್ಲಿ ಕೇಳಲಿ. ಬಾಯಿಮಾತಿಗೆ ಹಡಗಿನಲ್ಲಿ ಬೆಲೆಯಿಲ್ಲ. ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ: ನಿರಾಕರಿಸಿದವನಿಗೆ ಶಿಕ್ಷೆ ಕೊಡುವಂತಿಲ್ಲವೆಂದು ಕಾಗದದಲ್ಲಿದ್ದರೂ, ಮುಂದಿನ ಹಡಗು ಸಿಗುವುದು ತಡವಾದವರನ್ನು ನಾನು ಕಂಡಿದ್ದೇನೆ. ಟ್ರೇನಿಯಾದ ಹುಡುಗ ಆರು ತಿಂಗಳ ಸಮುದ್ರಸೇವೆ ಮುಗಿಸದೆ ಪರೀಕ್ಷೆಗೆ ಕೂರುವಂತಿಲ್ಲವಾದ್ದರಿಂದ ಈ ಒತ್ತಡ ಅವನ ಮೇಲೆ ಇನ್ನಷ್ಟು. ಆದರೂ ಜೀವವೋ ಆರು ತಿಂಗಳೋ ಎಂದಾಗ ಯಾವುದನ್ನು ಬಿಡಬೇಕೆಂದು ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ. ಅಲ್ಲಿ ಹೋದ ಮೇಲೆ ಯೋಚಿಸಲು ಅವನಿಗೆ ಕೊಡುವುದು ಒಂದು ಗಂಟೆ ಇರಬಹುದು.

ನನ್ನ ಮಟ್ಟಿಗೆ ಯುದ್ಧಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಕೆಟ್ಟ ಹಡಗು. ನಿರ್ಬಂಧಗಳನ್ನು ತಪ್ಪಿಸಿಕೊಂಡು ತೈಲ ಸಾಗಿಸುವ, ಹೆಸರು ಮತ್ತು ಬಾವುಟವನ್ನು ವರ್ಷಕ್ಕೊಮ್ಮೆ ಬದಲಿಸುವ ಹಳೆಯ ಟ್ಯಾಂಕರುಗಳ ಒಂದು ಗುಂಪೇ ಇದೆ. ಅವುಗಳಿಗೆ ನೆಟ್ಟಗೆ ವಿಮೆ ಇರುವುದಿಲ್ಲ, ತೊಂದರೆಯಾದರೆ ಮಾಲೀಕ ಸಿಗುವುದಿಲ್ಲ. ಕೆಲಸ ಕೊಡುತ್ತಿರುವ ಏಜೆನ್ಸಿಗೆ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿ.ಜಿ. ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಪರವಾನಗಿ (ನಾವಿಕರನ್ನು ನೇಮಿಸುವ ಏಜೆನ್ಸಿಗಳಿಗೆ ಕೊಡುವಂಥದ್ದು) ಇದೆಯೇ, ಅದು ಚಾಲ್ತಿಯಲ್ಲಿದೆಯೇ ಎಂದು ಇಲಾಖೆಯ ಜಾಲತಾಣದಲ್ಲಿ ನೀವೇ ನೋಡಬಹುದು. ಹಡಗಿನ ಐಎಂಒ ಸಂಖ್ಯೆ, ಅಂದರೆ ಅದರ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಕೇಳಿ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗದು, ಅದರಿಂದ ಹಡಗಿನ ವಯಸ್ಸು, ಹಿಂದಿನ ಹೆಸರುಗಳು ತಿಳಿಯುತ್ತವೆ. ಕೆಲಸಕ್ಕಾಗಿ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ, ನೇಮಕಕ್ಕೆ ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಇವೆಲ್ಲ ಸರಿಯಾಗಿದ್ದರೆ ಹೋಗಲು ಬಿಡಿ ಎಂಬುದು ನನ್ನ ಅಭಿಪ್ರಾಯ. ಯಾವುದಾದರೊಂದು ಸರಿ ಕಾಣದಿದ್ದರೆ ಈ ಹಡಗನ್ನು ಬಿಟ್ಟು ಇನ್ನೊಂದಕ್ಕೆ ಕಾಯುವುದು ಮೇಲು, ಮೂರು ನಾಲ್ಕು ತಿಂಗಳು ವ್ಯರ್ಥವಾದೀತು ಅಷ್ಟೇ. ದಡದ ಕೆಲಸಕ್ಕೆ ಒತ್ತಾಯಿಸಬೇಡಿ. ಸಮುದ್ರದ ಅನುಭವವಿಲ್ಲದ ಮರೀನ್ ಎಂಜಿನಿಯರನಿಗೆ ದಡದಲ್ಲೂ ಒಳ್ಳೆಯ ಕೆಲಸ ಸಿಗುವುದು ಕಷ್ಟ.

ಕೊನೆಗೆ ದೊಡ್ಡಪ್ಪನ ಹೆಸರು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. ಸಮುದ್ರವೇ ಸಮಾಧಿಯಾದ ಭಾರತೀಯ ವಾಣಿಜ್ಯ ನಾವಿಕರ ಹೆಸರುಗಳನ್ನು ಬೊಂಬಾಯಿ–ಚಿತ್ತಗಾಂಗ್ ಸ್ಮಾರಕ ಎಂಬ ಹೆಸರಿನಡಿಯಲ್ಲಿ ಪಟ್ಟಿ ಮಾಡಿದ್ದಾರೆ. ಅಂದಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿದ್ದರಿಂದ ಒಂದೇ ಕಾಗುಣಿತವನ್ನು ನೆಚ್ಚಬೇಡಿ. ನಿಂಗಯ್ಯ ಎಂಬುದು ಲಿಂಗಯ್ಯ, ಲಿಂಗಿಯಾ, ನಿಂಗಾ ಏನಾದರೂ ಆಗಿರಬಹುದು, ಊರಿನ ಜಾಗದಲ್ಲಿ ಮದ್ದೂರಿನ ಬದಲು ಬೊಂಬಾಯಿ ಎಂದಿರಬಹುದು. ತಂದೆಯ ಹೆಸರು, ಭಂಡಾರಿ ಅಥವಾ ಅಡುಗೆಯವ ಎಂಬ ಹುದ್ದೆ, 1942ರ ಅಕ್ಟೋಬರಿನಿಂದ 1943ರ ಮಾರ್ಚ್‌ವರೆಗಿನ ಅವಧಿ, ಇವುಗಳನ್ನು ಹಿಡಿದು ಸೋಸಿ. ಹಳೆಯ ಟ್ರಂಕಿನಲ್ಲಿ ಅವರ ಸೇವಾಪುಸ್ತಕವೇನಾದರೂ ಉಳಿದಿದೆಯೇ ನೋಡಿ. ಇಂದು ನಿಮ್ಮ ಮಗ ಸಿಡಿಸಿ ಎನ್ನುವುದನ್ನೇ ಹಳೆಯ ಖಲಾಸಿಗಳು ನಲ್ಲಿ ಎನ್ನುತ್ತಿದ್ದರು, ನೀರಿನ ನಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಅವರು ರಜೆಗೆ ಬಂದಾಗ ಬಿಟ್ಟುಹೋಗಿದ್ದ ಹಳೆಯದೊಂದು ಸಿಕ್ಕಿದರೂ ಕಂಪನಿಯ ಹೆಸರು ತಿಳಿದೀತು. ಪಟ್ಟಿಯಲ್ಲಿ ಹೆಸರಿನೊಂದಿಗೆ ಹಡಗಿನ ಹೆಸರೂ ಮರಣದ ತಾರೀಖೂ ಇರುತ್ತವೆ. ಅದು ಸಿಕ್ಕಿದರೆ ಪಂಚಾಂಗ ನೋಡಿ ತಿಥಿ ತಿಳಿದುಕೊಳ್ಳುವುದು ಕಷ್ಟವಲ್ಲ, ಮಹಾಲಯಕ್ಕೆ ಕಾಯದೆ ಆ ದಿನವೇ ಎಡೆ ಇಡಬಹುದೆಂದು ನಿಮ್ಮ ಅತ್ತೆಯವರಿಗೆ ಹೇಳಿ.